ಗೋಡೆಯ ಹದ, ಮನಸ್ಸಿನ ಹದ

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನಮ್ಮಲ್ಲಿ ಅನೇಕರು ಊರಿಗೆ ಹೋದಾಗ ನೋಡಿ ಬಂದಿರಬಹುದು. ಕತ್ತೆತ್ತಿ ಚಿತ್ರಗಳನ್ನು ಕಂಡು, ಮಕ್ಕಳಿಗೂ ತೋರಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತೇವೆ. ಆ ಗೋಡೆಗಳು ಪೂಜೆಗೆ ಅಣಿಯಾದ ಬಗೆಯನ್ನು ಅರಿತರೆ ಇನ್ನಷ್ಟು ಹೊತ್ತು ಅಲ್ಲಿ ನಿಲ್ಲುವ ಮನಸ್ಸಾದೀತು.

ಇಟಲಿಯ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದುದು 1878ರ ಕೊನೆಯಲ್ಲಿ. 1880ರಲ್ಲಿ ಅವರು ಕಾಲೇಜನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಪ್ರಾರ್ಥನಾಲಯವೂ ಎದ್ದಿತು. ಇಂದು ಕಾಣುವ ಚಿತ್ರಗಳು ಆಗ ಇರಲಿಲ್ಲ. ಅವನ್ನು ಬರೆದವರು ಬೆರ್ಗಾಮೋ ನಗರದ ಬಳಿಯ ಸ್ತೆತ್ಸಾನೋ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದ ಆಂತೋನಿಯೋ ಮೊಸ್ಕೇನಿ. ಇವರು ಪಾದ್ರಿಯಲ್ಲ, ವ್ರತ ತೊಟ್ಟು ಸಭೆಯ ಸೇವೆಗೆ ನಿಂತ ಸಹೋದರರು. 1899ರಿಂದ 1901ರವರೆಗೆ ಈ ಕಾರ್ಯ ನಡೆಯಿತು.

ಇಲ್ಲಿ ಕ್ಯಾನ್ವಾಸಿನ ಮೇಲೆ ಬರೆದ ತೈಲಚಿತ್ರಗಳೂ ಉಂಟು, ಗೋಡೆಗೇ ಬರೆದ ಫ್ರೆಸ್ಕೋ ಚಿತ್ರಗಳೂ ಉಂಟು. ಫ್ರೆಸ್ಕೋ ಕೆಲಸದಲ್ಲಿ ಬಣ್ಣಕ್ಕಿಂತ ಮೊದಲು ಗಾರೆಯ ಚಿಂತೆ. ಸುಣ್ಣ ಮರಳುಗಳನ್ನು ಹದವಾಗಿ ಕಲಸಿ, ಅಂದು ಬರೆಯುವಷ್ಟು ಭಾಗಕ್ಕೆ ಮಾತ್ರ ಬಳಿಯಬೇಕು. ಅದು ಹಸಿಯಾಗಿರುವಾಗಲೇ ಕುಂಚ ಓಡಬೇಕು. ಸುಣ್ಣವು ಗಾಳಿಗೆ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಗೋಡೆಗೆ ಬಳಿದ ಬಣ್ಣವಾದರೋ ಮೇಲೆಯೇ ಉಳಿದು, ಕಾಲಕ್ರಮದಲ್ಲಿ ಉದುರೀತು.

ಭಕ್ತನ ಸಿದ್ಧತೆಯೂ ಹೀಗೆಯೇ ಅಲ್ಲವೆ? ಕಥೋಲಿಕ ದೇವಾಲಯವನ್ನು ಪ್ರತಿಷ್ಠಿಸುವಾಗ ಬಿಷಪರು ಬಲಿಪೀಠಕ್ಕೂ ಗೋಡೆಗಳಿಗೂ ಪವಿತ್ರ ತೈಲವನ್ನು ಲೇಪಿಸುವ ವಿಧಿಯುಂಟು. ಆದರೆ ಕಟ್ಟಡ ಅಣಿಯಾದರೆ ಸಾಲದು, ಬರುವವನೂ ಅಣಿಯಾಗಬೇಕು. ಪರಮಪ್ರಸಾದವನ್ನು ಸ್ವೀಕರಿಸುವವರು ಹಿಂದೆ ನಡುರಾತ್ರಿಯಿಂದಲೇ ಉಪವಾಸವಿರುತ್ತಿದ್ದರು. ಆ ನಿಯಮವು 1957ರಲ್ಲಿ ಮೂರು ಗಂಟೆಗೂ, 1964ರಲ್ಲಿ ಒಂದು ಗಂಟೆಗೂ ಇಳಿಯಿತು. ಹೊತ್ತು ಕಡಿಮೆಯಾದರೂ ಉದ್ದೇಶ ಬದಲಾಗಲಿಲ್ಲ. ತಪ್ಪುಗಳನ್ನು ನೆನೆದು ಪಾಪನಿವೇದನೆ ಮಾಡುವುದು, ಬಾಗಿಲಲ್ಲಿ ತೀರ್ಥ ಮುಟ್ಟಿ ಶಿಲುಬೆಯ ಗುರುತು ಹಾಕುವುದು, ಮೊಣಕಾಲೂರಿ ಮೌನವಾಗಿರುವುದು ಇವೆಲ್ಲ ಮನಸ್ಸಿನ ಗಾರೆಯನ್ನು ಹದಗೊಳಿಸುವ ಕೆಲಸಗಳೇ.

ಇಲ್ಲಿ ಚಿತ್ರಿತವಾಗಿರುವ ಸಂತ ಅಲೋಶಿಯಸ್ಸರ ಬಾಳೂ ಇದನ್ನೇ ಸಾರುತ್ತದೆ. ಸಿರಿವಂತ ಮನೆತನದ ಆ ಬಾಲಕನು 1580ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದವನ್ನು ಪಡೆದನು. 1591ರಲ್ಲಿ ರೋಮಿನ ವ್ಯಾಧಿಗ್ರಸ್ತರಿಗೆ ಶುಶ್ರೂಷೆ ಮಾಡುತ್ತಾ, ತಾನೂ ರೋಗಕ್ಕೆ ತುತ್ತಾಗಿ, ಇಪ್ಪತ್ತಮೂರರಲ್ಲಿ ತೀರಿಕೊಂಡನು. ಹದಗೊಂಡ ಮನಸ್ಸಿಗೆ ಹತ್ತಿದ ಬಣ್ಣ ಅದು.

ಮೊಸ್ಕೇನಿಯವರು ತಮ್ಮೂರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು. ಪರಸ್ಥಳದ ಗೋಡೆಯನ್ನು ತನ್ನದೆಂದು ಬಗೆದು ಹದಗೊಳಿಸಿದ ಆ ಕೈಗಳನ್ನು ಊರು ಬಿಟ್ಟು ಬಂದ ನಾವು ನೆನೆಯತಕ್ಕದ್ದು. ನಮ್ಮ ಬಾಡಿಗೆಯ ಮನೆಗಳಲ್ಲಿ ಪೂಜೆಗೆಂದು ದೊರೆಯುವುದು ಒಂದು ಗೂಡು, ಇಲ್ಲವೆ ಒಂದು ಮೂಲೆ. ಮತ ಯಾವುದಾದರೂ ಆಗಲಿ, ದೀಪ ಹಚ್ಚುವ ಮೊದಲು ಆ ಮೂಲೆಯನ್ನು ಒರೆಸಿ, ಮಕ್ಕಳೊಡನೆ ಅರೆಗಳಿಗೆ ಸುಮ್ಮನೆ ಕುಳಿತರೆ ಸಾಕು. ಅಲ್ಲಿಯೂ ಹಸಿ ಗಾರೆ ಸಿದ್ಧವಾದಂತೆ.