ಹೊಲಿಗೆ ಕೋಣೆ ಇಲ್ಲದ ಮನೆಯ ಹೊಲಿಗೆ ಸಾಮಾನು

ನಮ್ಮ ಮನೆಗಳಲ್ಲಿ ದೇವರ ಕೋಣೆ ಇದೆ, ಅಡುಗೆಮನೆ ಇದೆ, ಈಚೆಗೆ ವರ್ಕ್ ಫ್ರಂ ಹೋಮ್‌ಗೆಂದೇ ಒಂದು ಕೋಣೆ ಮಾಡಿಕೊಂಡವರೂ ಇದ್ದಾರೆ. ಹೊಲಿಗೆಗೆಂದು ಕೋಣೆ ಇದ್ದ ಮನೆಯನ್ನು ನಾನಂತೂ ನೋಡಿಲ್ಲ. ಮೆಷೀನು ಕಿಟಕಿಯ ಪಕ್ಕದಲ್ಲೋ ನಡುಮನೆಯ ಮೂಲೆಯಲ್ಲೋ ಇರುತ್ತಿತ್ತು. ಮುಚ್ಚಳ ಹಾಕಿದರೆ ಅದೇ ಮಕ್ಕಳು ಓದುವ ಮೇಜು. ಜಾಗವೇ ಇಲ್ಲದ ಕೆಲಸಕ್ಕೆ ಬೇರೆ ಸಲಕರಣೆ ಎಲ್ಲಿಂದ ಬರಬೇಕು? ಅಡುಗೆಮನೆಯಿಂದ, ಬಚ್ಚಲಿನಿಂದ, ರದ್ದಿ ಪೇಪರಿನ ಕಟ್ಟಿನಿಂದ ಬಂದವು. ಹಾರ್ಲಿಕ್ಸ್ ಬಾಟಲಿಯಲ್ಲಿ ಗುಂಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ದಾರದ ಉಂಡೆ, ರವಿಕೆಯ ಕತ್ತಿನ ದುಂಡು ಗೆರೆಗೆ ಊಟದ ಬಟ್ಟಲು. ಇದನ್ನು ಜಿಪುಣತನ ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಮೊದಲು ಮೆಷೀನಿನ ಮಾತು. ಅಮೆರಿಕದಲ್ಲಿ ಎಲಿಯಾಸ್ ಹೋವೆ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಸಿಂಗರ್ ಕಂಪನಿ ಕಂತಿನ ಮೇಲೆ ಮಾರುವ ಪದ್ಧತಿ ತಂದದ್ದರಿಂದ ಯಂತ್ರ ಮಧ್ಯಮ ವರ್ಗದ ಮನೆಯೊಳಗೂ ಬಂತು. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ಪಡುವ ಕಷ್ಟ ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬುದು ಅವರ ನಂಬಿಕೆ. ಸಿಂಗರನ ಜೀವನ ಚರಿತ್ರೆ ಓದಿದವರಿಗೆ ನಗು ಬರುತ್ತದೆ, ಆತ ಏಕಕಾಲಕ್ಕೆ ಹಲವು ಸಂಸಾರ ನಡೆಸಿದ ಮಹಾನುಭಾವ! ಅದೇನೇ ಇರಲಿ, 1930ರ ದಶಕದಲ್ಲಿ ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರ ಮಾಡಿದ ಮೇಲೆ ಮದುವೆಯ ಸಾಮಾನಿನ ಪಟ್ಟಿಯಲ್ಲೂ ಮೆಷೀನು ಸೇರಿತು. ಅದಕ್ಕೆ ದುಡ್ಡು ಹೊಂದಿಸುವುದೇ ದೊಡ್ಡ ಮಾತಾದಾಗ ಉಳಿದ ಸಾಮಾನಿಗೆ ಯಾರು ಕೊಡುತ್ತಾರೆ?

ನಾವಿರುವ ಈ ಚೆನ್ನೈ ಬಟ್ಟೆಯಿಂದಲೇ ಹುಟ್ಟಿದ ಊರು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ನೆಲೆಯೂರಿದ್ದು ಬಟ್ಟೆಯ ವ್ಯಾಪಾರಕ್ಕೆ. 1734ರಲ್ಲಿ ನೇಕಾರರಿಗೆಂದು ಕಟ್ಟಿದ ಬಡಾವಣೆ ಚಿಂತಾದ್ರಿಪೇಟೆ. ತಮಿಳಿನಲ್ಲಿ 'ಚಿನ್ನ ತರಿ' ಎಂದರೆ ಸಣ್ಣ ಮಗ್ಗ. ಆಮೇಲೆ ಪೆರಂಬೂರಿನ ಬಿನ್ನಿ ಮಿಲ್ಲುಗಳು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೇ ಸೇರಿದ್ದರಿಂದ, ಅಲ್ಲಿಂದ ನೌಕರಿಗೆಂದು ಬಂದ ಕನ್ನಡದ ಕುಟುಂಬಗಳಿಗೆ ಇದು ಪರ ಊರಲ್ಲ, ರಾಜಧಾನಿ. ಊರಿನ ಅಭ್ಯಾಸಗಳೂ ಅವರ ಟ್ರಂಕಿನಲ್ಲಿ ಬಂದವು.

ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸೋಪಿನ ಚೂರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದ ಮೇಲೆ ಮೈಸೂರ್ ಸ್ಯಾಂಡಲ್ ನಮ್ಮವರ ಬಚ್ಚಲಿಗೆ ಬಂತು. ಸವೆದು ಸವೆದು ಎಲೆಯಷ್ಟು ತೆಳ್ಳಗಾದಾಗ ಅಮ್ಮ ಅದನ್ನು ಬಿಸಾಡದೆ ಕಿಟಕಿಯಲ್ಲಿ ಒಣಗಿಸಿ ಮೆಷೀನಿನ ಡ್ರಾಯರಿಗೆ ಹಾಕುತ್ತಿದ್ದರು. ಟೈಲರ್ ಚಾಕಿಗೆ ಬೇಕಾದ ಗುಣ ಎರಡೇ: ಗೆರೆ ಸಣ್ಣಗೆ ಮೂಡಬೇಕು, ಕೆಲಸ ಮುಗಿದ ಮೇಲೆ ಹೋಗಬೇಕು. ಒಣಗಿದ ಸೋಪಿನ ಅಂಚು ಚೂಪು. ಇನ್ನು ತೊಳೆದರೆ ಹೋಗುವುದು ಅದರ ಹುಟ್ಟುಗುಣ. ಒಂದು ಎಚ್ಚರಿಕೆ, ಕ್ರೀಮು ಬೆರೆಸಿದ ಈಗಿನ ಸೋಪುಗಳು ರೇಷ್ಮೆಯ ಮೇಲೆ ಜಿಡ್ಡಿನ ಕಲೆ ಬಿಡಬಹುದು.

ಅಳತೆಯ ಮಾದರಿಗೆ ದಿನಪತ್ರಿಕೆ. ಅಮೆರಿಕದ ಎಬೆನೆಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಲು ತೊಡಗಿ ಶ್ರೀಮಂತನಾದ. ನಮ್ಮಲ್ಲಿ ಹಳೆಯ ಪೇಪರೇ ಆ ಕೆಲಸ ಮಾಡಿತು. ಚೆನ್ನಾಗಿ ಕೂರುವ ಒಂದು ರವಿಕೆಯನ್ನು ಪೇಪರಿನ ಮೇಲೆ ಹರಡಿ, ಹೊಲಿಗೆಯ ಗುಂಟ ಗುರುತು ಹಾಕಿ ಕತ್ತರಿಸಿದರೆ ಮುಗಿಯಿತು. ನಮ್ಮ ಐಟಿ ಭಾಷೆಯಲ್ಲಿ ಇದು ಅಪ್ಪಟ ರಿವರ್ಸ್ ಎಂಜಿನಿಯರಿಂಗ್. ಎಂ.ಟೆಕ್ ಬೇಕಿರಲಿಲ್ಲ.

ಸೇಫ್ಟಿ ಪಿನ್ನಿನ ಕಥೆ ಇನ್ನೂ ಸ್ವಾರಸ್ಯ. ನ್ಯೂಯಾರ್ಕಿನ ವಾಲ್ಟರ್ ಹಂಟ್ ಹದಿನೈದು ಡಾಲರ್ ಸಾಲ ತೀರಿಸಲು ತಂತಿಯ ಚೂರನ್ನು ಬಗ್ಗಿಸುತ್ತ ಕೂತು ಇದನ್ನು ಕಂಡುಹಿಡಿದ; 1849ರಲ್ಲಿ ಪೇಟೆಂಟ್ ಸಿಕ್ಕಿತು, ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಇದೇ ಹಂಟ್ 1830ರ ದಶಕದಲ್ಲೇ ಒಂದು ಹೊಲಿಗೆ ಯಂತ್ರ ಮಾಡಿದ್ದ. ಕೈಹೊಲಿಗೆಯ ಹೆಂಗಸರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಆಗ ಅದಕ್ಕೆ ಪೇಟೆಂಟ್ ಪಡೆಯಲಿಲ್ಲವಂತೆ. ಅವನ ಪಿನ್ನು ನಮ್ಮ ಅಜ್ಜಿ, ಅಮ್ಮಂದಿರ ಬಳೆಯಲ್ಲೋ ತಾಳಿಸರದಲ್ಲೋ ತೂಗಾಡುತ್ತ, ಸೆರಗಿಗೂ ಆಯಿತು, ಲಂಗದ ನೇಫೆಯೊಳಗೆ ಲಾಡಿ ಎಳೆಯಲಿಕ್ಕೂ ಆಯಿತು.

ಉತ್ತರ ಕರ್ನಾಟಕದ ಕೌದಿಯನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ ಅದು. ಹೊಲಿಯಲಿಕ್ಕೆ ನೆಲವೇ ಮೇಜು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ರೀತಿಯೇ ಬೇರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಣ್ಣದ ತ್ರಿಕೋನಗಳ 'ಫೂಲ್' ಇಡದಿದ್ದರೆ ಅದು ಪೂರ್ತಿಯಾದಂತಲ್ಲ. ಹಳೆ ಬಟ್ಟೆಯೇ ಆದರೂ ಹೂವು ಬೇಕೇ ಬೇಕು.

ಕತ್ತರಿಗೂ ಇಂಥದೇ ಹುಟ್ಟು. 2013ರಲ್ಲಿ ಜಿಐ ಮಾನ್ಯತೆ ಪಡೆದ ಮೀರತ್ ಕತ್ತರಿಯ ಅಲಗು ಲಾರಿ, ಬಸ್ಸು, ರೈಲಿನ ಗುಜರಿ ಉಕ್ಕಿನದು. ಹಿಡಿಕೆಯ ಲೋಹ ಬರುವುದು ಹಳೆಯ ಪಾತ್ರೆಗಳಿಂದ.

ಹಾಗೆಂದು ಮನೆಯ ಎಲ್ಲ ವಸ್ತುವೂ ಎಲ್ಲದಕ್ಕೂ ಒಗ್ಗುವುದಿಲ್ಲ. ಮೆಷೀನಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಕೆಟ್ಟದ್ದು. ಚೆನ್ನೈ ಸೆಕೆಗೆ ಅದು ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಕಾಲಕ್ರಮದಲ್ಲಿ ದೂಳಿನ ಜೊತೆ ಸೇರಿ ಅಂಟಾಗಿ ಯಂತ್ರ ಬಿಗಿಯುತ್ತದೆ. ಅದಕ್ಕೆ ಮೆಷೀನ್ ಎಣ್ಣೆಯೇ ಬೇಕು. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಮಾತ್ರ ಎಸೆಯಬೇಡಿ, ನೆಲಕ್ಕೆ ಚೆಲ್ಲಿದ ಸೂಜಿ, ಪಿನ್ನು ಹೆಕ್ಕಲು ಅದಕ್ಕಿಂತ ಒಳ್ಳೆಯದಿಲ್ಲ.

ಈ ಮೂಲೆಯಲ್ಲಿ ಕೂತು ಹೆಂಗಸರು ಎಷ್ಟು ಸೀರೆಗೆ ಫಾಲ್ಸ್ ಹಚ್ಚಿದರು, ಎಷ್ಟು ಯೂನಿಫಾರ್ಮ್ ಹೊಲಿದರು, ಅದರಿಂದ ಮನೆಗೆ ಉಳಿದ ದುಡ್ಡೆಷ್ಟು ಎಂದು ಯಾರೂ ಬರೆದಿಡಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವರಿಗೆ ಒಂದು ಜಾಗ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗದ ಪಟ್ಟಿಯಲ್ಲಿ ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು ತರುವ, ಮನೆಯ ಬಳಕೆಗೆ ಹೊಲಿಯುವ, ನೇಯುವವರಿಗೆ ಸಂಕೇತ ಸಂಖ್ಯೆ 93. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಈ ಕೋಡ್ ಮೊದಲು ಕಣ್ಣಿಗೆ ಬಿದ್ದಾಗ ಕುತೂಹಲದಿಂದ ಮುಂದೆ ಓದಿದೆ. 93 ಎಂದು ಬರೆಸಿಕೊಂಡವರು ದುಡಿಯುವವರ ಲೆಕ್ಕಕ್ಕೂ ಸೇರುವುದಿಲ್ಲ, ನಿರುದ್ಯೋಗಿಗಳ ಲೆಕ್ಕಕ್ಕೂ ಸೇರುವುದಿಲ್ಲ.