ಗಾದಿಯ ಚೀಟಿ ಯಾರನ್ನ ಹೆದರಸಾಕ ಐತಿ?

ಹೋದ ವರ್ಷ ಹಾನಗಲ್ಲಿನ ನಮ್ಮ ಮನಿಗೆ ಹೊಸಾ ಗಾದಿ ತಂದ್ವಿ. ಅತ್ತೆಯವ್ರು ಹಾಸಿಗಿ ಹಿಡದಿದ್ರು. ಹಳೇ ಗಾದಿ ಗಂಟುಗಂಟಾಗಿ ಅವ್ರ ಬೆನ್ನಿಗೆ ಒತ್ತತಿತ್ತು. ಅಂಗಡಿಯವ "ಶುದ್ಧ ಅರಳಿ ಐತ್ರಿ ಅಕ್ಕಾರ" ಅಂದ. ಅಂಚಿಗೆ ಚೀಟಿ ಹೊಲದಿರಲಿಲ್ಲ. ನಾನೂ ಕೇಳಲಿಲ್ಲ.

ಆರು ತಿಂಗಳದಾಗ ನಡುವ ತಗ್ಗು ಬಿತ್ತು, ಮುಗ್ಗ ವಾಸನಿ ಸುರುವಾತು. ಹೊಲಿಗಿ ಬಿಚ್ಚಿ ನೋಡಿದ್ರ ಮ್ಯಾಲೊಂದು ಪದರ ಅರಳಿ, ಒಳಗೆಲ್ಲ ಹರಕ ಅರಿವಿ ಚೂರು, ಕಲಿ ಬಿದ್ದ ಚಿಂದಿ. ಯಾರ ಮೈಮ್ಯಾಲಿನ ಅರಿವಿಯೋ ಏನೋ! ಇದರ ಮ್ಯಾಲೆ ಅತ್ತೆಯವ್ರನ್ನ ಮಲಗಿಸಿದ್ನೆಲ್ಲ ಅಂತ ಜೀವಕ್ಕ ಭಾಳ ಹತ್ತಿತು. ಅಂಗಡಿಗೆ ಹೋದ್ರ, "ಇದು ನಮ್ದ ಅನ್ನಾಕ ಏನ ಗುರ್ತು ಐತ್ರಿ?" ಅಂದ. ನನ್ನ ಬಾಯಿ ಕಟ್ಟಿತು.

ಅಮೆರಿಕಾದಾಗ ಇರೋ ಅಕ್ಕನ ಮಗನಿಗೆ ಫೋನಿನ್ಯಾಗ ಇದನ್ನ ಹೇಳಿದೆ. ಅವ ನಕ್ಕು, "ಚಿಗವ್ವಾ, ನಮ್ಮ ಗಾದಿಗೆ ದೊಡ್ಡ ಚೀಟಿ ಐತಿ. ಕಿತ್ತಿದ್ರ ಕಾನೂನು ಪ್ರಕಾರ ಶಿಕ್ಷಾ ಅಂತ ಬರದಾರ. ಹೆದರಿ ನಾಕ ವರ್ಷ ಮುಟ್ಟಿಲ್ಲ" ಅಂದ. ಅಲ್ಲಿಂದ ಈ ಚೀಟಿಯ ಕತಿ ಹುಡುಕಾಕ ಹತ್ತಿದೆ.

ನಮ್ಮ ತವರಮನಿ ಸವಣೂರ ಕಡೆ. ನಾ ಸಣ್ಣಾಕಿದ್ದಾಗ ಪಿಂಜಾರ ಅಜ್ಜ ಹೆಗಲಿಗೆ ಬಿಲ್ಲು ಹಾಕ್ಕೊಂಡು ಬರತಿದ್ದ. ಶಿಗ್ಗಾಂವಿ, ಹಿರೇಕೆರೂರ ಕಡೆನೂ ಹಂಗ ಊರೂರು ತಿರಗತಿದ್ರು. ಪಡಸಾಲ್ಯಾಗ ಕುಂತು ಹೆದಿ ಬಡದ್ರ ಟಂಯ್ ಟಂಯ್ ಅಂತ ಓಣಿಗೆಲ್ಲ ಕೇಳತಿತ್ತು. ನಮ್ಮ ಹೊಲದ ಹತ್ತಿ, ನಮ್ಮ ಕಣ್ಣ ಮುಂದ ಹಿಂಜಿ, ನಮ್ಮ ಮುಂದನ ಗಾದಿ, ತಲೆದಿಂಬು ತುಂಬತಿದ್ದ. ಅವ್ವ ಬಾಗಲದಾಗ ನಿಂತು ನೋಡತಿದ್ಲು. ಆಕಿ ಕಣ್ಣ ಆ ಗಾದಿಯ ಚೀಟಿ.

ಆದ್ರ ಹತ್ತಿ ಊರ ದಾಟಿದ್ರ ಕಣ್ಣು ಎಲ್ಲಿ ತನಕ ಹೋದೀತು? ನಮ್ಮ ಈ ತಾಲೂಕುಗಳು 1997ರ ತನಕ ಧಾರವಾಡ ಜಿಲ್ಲಾದಾಗ ಇದ್ದವು. ಇಲ್ಲಿಯ ಜವಾರಿ ಹತ್ತಿ ಘಟ್ಟ ಇಳದು ಕುಮಟಾ ಬಂದರದಿಂದ ಹಡಗ ಏರತಿತ್ತು. ಅದಕ್ಕ ಪ್ಯಾಟ್ಯಾಗ 'ಕುಮಟಾ ಹತ್ತಿ' ಅಂತ ಹೆಸರು ಬಿತ್ತು. 1840ರ ದಶಕದಾಗ ಕಂಪನಿ ಸರಕಾರ ಅಮೆರಿಕಾದ ಬೀಜ ತರಿಸಿ ಬೆಳಸಿತು, ಅದು 'ಧಾರವಾಡ-ಅಮೆರಿಕನ್' ಆತು. 1861ಕ್ಕ ಅಮೆರಿಕಾದಾಗ ಒಳಜಗಳದ ಯುದ್ಧ ಹತ್ತಿ, ಅಲ್ಲಿಂದ ವಿಲಾಯತಿ ಗಿರಣಿಗೆ ಹತ್ತಿ ಬರೂದು ಕಡಿಮಿ ಆತು. ನಮ್ಮ ಹತ್ತಿಗೆ ಬಂಗಾರದ ಬೆಲಿ ಬಂತು. ಬೆಲಿ ಏರಿದಂಗ ಕಲಬೆರಕಿನೂ ಏರಿತು: ಕಾಳು, ಮಣ್ಣು, ಕಸ, ಚಲೋ ಹತ್ತ್ಯಾಗ ಹಲಕಾ ಹತ್ತಿ. 1863ರಾಗ ಮುಂಬಯಿ ಸರಕಾರ ಹತ್ತಿ ಮೋಸ ತಡಿಯೋ ಕಾಯಿದೆ ಮಾಡಿ ಇನ್ಸ್‌ಪೆಕ್ಟರರನ್ನ ಇಟ್ಟಿತು. ಮುಂದ 1925ರ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾಯಿದೆ ಬಂದು, ಪ್ರತಿ ಅಂಡಿಗಿ ಮ್ಯಾಲೆ ಪ್ರೆಸ್ಸಿನ ಗುರ್ತು, ನಂಬರ ಇರಬೇಕು ಅಂತಾತು. ಮೋಸ ಸಿಕ್ಕರ ಯಾವ ಪ್ರೆಸ್ಸಿನ್ಯಾಗ ಕಟ್ಟಿದ್ದು ಅಂತ ಹಿಡೀಲಿಕ್ಕೆ. ನಮ್ಮ ಸೀಮಿಯೊಳಗ ಗಾದಿ ಚೀಟಿಗೆ ಇದನ ಹಿರೇಅಣ್ಣ ಅನ್ರಿ.

ಬ್ಯಾರೆ ದೇಶದಾಗೂ ರೋಗ ಇದನ. ಇಂಗ್ಲೆಂಡಿನ್ಯಾಗ ಹಳೇ ಅರಿವಿ ಹರದು ಹಿಂಜಿ ಗಾದಿಗೆ ತುಂಬತಿದ್ರು. ತೊಳದಾರೋ ಇಲ್ಲೋ ಹೆಂಗ ತಿಳೀಬೇಕು? 1911ರಾಗ ಅದಕ್ಕಂತನ ಕಾಯಿದೆ ಮಾಡಿದ್ರು. ಒಂದು ಲಕ್ಷ ಪಾಲು ಚಿಂದಿ ಅರಳ್ಯಾಗ ಕ್ಲೋರಿನ್ 30 ಪಾಲಿಗಿಂತ ಹೆಚ್ಚಿರಬಾರದು ಅಂತ ಅಳತಿ ಇಟ್ರು. ಬೆವರು, ಉಚ್ಚಿ ಎರಡರಾಗೂ ಉಪ್ಪು ಐತೆಲ್ರಿ, ತೊಳೀದಿದ್ರ ಅದು ಅರಿವ್ಯಾಗ ಉಳೀತೈತಿ. ಉಪ್ಪಿನಿಂದ ಹೊಲಸ ಹಿಡದ್ರು!

ಅಮೆರಿಕಾದಾಗ ರೋಗಿಗಳು ಮಲಗಿದ್ದ ಹಾಸಿಗಿ ಅರಿವಿನೂ ಗಾದಿಯೊಳಗ ಸೇರತಿತ್ತಂತ. ಅದಕ್ಕ ಅಲ್ಲಿಯ ರಾಜ್ಯಗಳು, ಒಳಗ ಏನ ತುಂಬೀರಿ, ಹೊಸಾದೋ ಹಳೇದೋ ಅಂತ ಚೀಟಿ ಹೊಲೀರಿ ಅಂದ್ವು. ಮಾರೋವರು ಆ ಚೀಟಿನ ಕಿತ್ತು ಒಗೀಬಾರದು ಅಂತ ಶಿಕ್ಷಾದ ಮಾತು ಬರಸಿದ್ರು. ಅದನ್ನೋದಿ ಹೆದರಿದವ್ರು ಮಾತ್ರ ಕೊಂಡವರು! ಆಮ್ಯಾಲೆ 'ಗಿರಾಕಿ ಬಿಟ್ಟು ಬ್ಯಾರೆ ಯಾರೂ ಕೀಳಬಾರದು' ಅಂತ ಬಿಡಿಸಿ ಬರದ್ರು. ನಮ್ಮ ಹುಡುಗ ಆ ಸಾಲು ಓದಿರಲೇ ಇಲ್ಲ.

ಫೋಮ್ ಬಂದ ಮ್ಯಾಲೆ ಬೆಂಕಿ ಅಂಜಿಕಿನೂ ಕೂಡಿತು. ಬೀಡಿ, ಸಿಗರೇಟಿನ ಕಿಡಿ ಬಿದ್ರ ಗಾದಿ ಹೊತ್ತಿಕೋಬಾರದು ಅಂತ ಅಮೆರಿಕಾ 1973ರಾಗ ನಿಯಮ ತಂತು. 1979ರಾಗ ಮ್ಯಾಂಚೆಸ್ಟರಿನ ಒಂದು ಅಂಗಡ್ಯಾಗ ಫೋಮಿನ ಸಾಮಾನಿಗೆ ಬೆಂಕಿ ಹತ್ತಿ 10 ಮಂದಿ ಸತ್ರು. 1988ರಾಗ ಬ್ರಿಟನ್ ಬಿಗಿ ನಿಯಮ ಮಾಡಿತು.

ನಮ್ಮಲ್ಲೂ ಪೊಟ್ಟಣ ಕಟ್ಟಿ ಮಾರೋ ಸಾಮಾನಿನ ಮ್ಯಾಲೆ ಮಾಡಿದವರ ಹೆಸರು, ವಿಳಾಸ, ತಿಂಗಳ-ವರ್ಷ, ಬೆಲಿ ಇರಬೇಕು ಅಂತ 2011ರ ನಿಯಮ ಐತಿ. ಗ್ರಾಹಕರ ಸಹಾಯವಾಣಿ 1915 ಐತಿ. ಆದ್ರ ಕೈಯಾಗ ಚೀಟಿ, ಬಿಲ್ಲು ಎರಡೂ ಇಲ್ಲದ ನನ್ನಂಥಾಕಿ ಫೋನ್ ಮಾಡಿ ಹೇಳೋದರ ಏನು?

ಆ ಗಾದಿ ಸುಟ್ವಿ. ನಮ್ಮ ಓಣ್ಯಾಗ ಮಷಿನ್ ಇಟ್ಟ ಪಿಂಜಾರರ ಹುಡುಗನ ಕಡೆ ಹಳೇ ಗಾದಿಯ ಅರಳಿನ ಹಿಂಜಿಸಿ, ಎರಡು ಕಿಲೋ ಹೊಸಾದು ಕೂಡಿಸಿ ಹೊಲಿಸಿದೆ. ನಾ ಅವ್ವನಂಗ ಬಾಗಲದಾಗ ನಿಂತು ನೋಡಿದೆ. ಅತ್ತೆಯವ್ರು ಅದರ ಮ್ಯಾಲೆ ಮೂರು ತಿಂಗಳ ಮಲಗಿ ಹೋದ್ರು. ಕಡೀ ದಿನದಾಗ "ಬೆನ್ನಿಗೆ ಹಿತಾ ಆಗೇತವಾ" ಅಂದಿದ್ರು.

ತಯಾರ್ ಗಾದಿ ತರೋದಿದ್ರ ಚೀಟಿ ನೋಡ್ರಿ, ಬಿಲ್ಲು ಇಸ್ಕೋರಿ. ಚೀಟಿ ಚುಚ್ಚಿದ್ರ ಕತ್ತರಸ್ರಿ, ಶಿಕ್ಷಾ ಇಲ್ಲ. ಆದ್ರ ಒಗೀಬ್ಯಾಡ್ರಿ. ಬಿಲ್ಲಿನ ಕೂಡ ಟ್ರಂಕಿನ್ಯಾಗ ಇಡ್ರಿ.