ಅನಾಥಾಲಯದ ಗೋಡೆ

ಧರ್ಮಕೇಂದ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೋಪುರ, ಗಂಟೆ, ಪೀಠಗಳಿಂದ ತೊಡಗುವರು. ನಾವು ಒಂದು ಗೋಡೆಯಿಂದ ತೊಡಗುತ್ತೇವೆ.

ಶ್ರೀರಂಗಪಟ್ಟಣದ ಸೀಮೆಗೆ ಗೋಡೆಯ ಚಿತ್ರವು ಹೊಸದಲ್ಲ. 1784ರ ದರಿಯಾ ದೌಲತ್ ಅರಮನೆಯಲ್ಲಿ 1780ರ ಪೊಳ್ಳಿಲೂರು ಕಾಳಗವು ಆನೆಕುದುರೆಗಳ ಸಮೇತ ಹರಡಿಕೊಂಡಿದೆ. ಮಾಸಿದ ಆ ಚಿತ್ರಗಳನ್ನು ಡಾಲ್‌ಹೌಸಿಯ ಕಾಲದಲ್ಲಿ ಮರಳಿ ಬರೆಸಬೇಕಾಯಿತು. ಅದೇ 1784ರಲ್ಲಿ ಕರಾವಳಿಯ ನಮ್ಮ ಕ್ರೈಸ್ತ ಬಾಂಧವರು ಸೆರೆಯಾಳುಗಳಾಗಿ ಈ ಪಟ್ಟಣದತ್ತ ನಡೆದರು. ದಾರಿಯಲ್ಲಿಯೇ ಅಸುನೀಗಿದವರು ಅನೇಕರು. 1799ರ ತರುವಾಯ ಆಬೆ ದ್ಯುಬುವಾ ಸ್ವಾಮಿಯವರು ಬಂದು, ಚದುರಿದ ಸಭೆಯನ್ನು ಕೂಡಿಸಿ, ಜನರಿಗೆ ಸಿಡುಬಿನ ಲಸಿಕೆಯನ್ನೂ ಹಾಕಿಸಿದರು. ದಿಕ್ಕಿಲ್ಲದವರನ್ನು ಕೂಡಿಸುವ ಕೆಲಸ ಇಲ್ಲಿ ಅಷ್ಟು ಹಳೆಯದು.

ಕೆಲವು ವರ್ಷಗಳ ಹಿಂದೆ ಕನ್ಯಾಸ್ತ್ರೀಯರು ನಮ್ಮ ಅನಾಥಾಲಯದ ಹಿತ್ತಲ ಗೋಡೆಯನ್ನು ಮಕ್ಕಳಿಗೆ ಒಪ್ಪಿಸಿದರು. ತಮ್ಮ ತಮ್ಮ ಸೀಮೆಯ ಪ್ರಾಣಿಯನ್ನು ಬರೆಯಿರೆಂದರು. ಕೃಷ್ಣರಾಜಪೇಟೆಯವರು ಹೊಸಹೊಳಲು ದೇವಸ್ಥಾನದ ತಳಪಟ್ಟಿಯಲ್ಲಿ ಕಂಡ ಆನೆಸಾಲನ್ನೂ ಹಂಸಗಳನ್ನೂ ತಂದರು. ನಾಗಮಂಗಲದವರಿಗೆ ಆದಿಚುಂಚನಗಿರಿಯ ನವಿಲು, ಪಾಂಡವಪುರದವರಿಗೆ ಮೇಲುಕೋಟೆ ಬೆಟ್ಟದ ತೋಳ. ಶ್ರೀರಂಗಪಟ್ಟಣದವರು 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನ ಬಣ್ಣದ ಕೊಕ್ಕರೆಗಳನ್ನು ಗುಂಪುಗುಂಪಾಗಿ ಇಳಿಸಿದರು. ಒಂದು ಮಗುವಿಗೆ ಮಾತ್ರ ತನ್ನ ಊರು ತಿಳಿಯದು; ದಾಖಲೆಯಲ್ಲಿಯೂ ಇಲ್ಲ. ಅವನು ಯಾರನ್ನೂ ಕೇಳದೆ ನಾಲ್ಕು ಸೀಮೆಗಳ ಕೆಳಗೂ ಉದ್ದಕ್ಕೆ ಒಂದು ಮೊಸಳೆಯನ್ನು ಮಲಗಿಸಿದನು. ಹಸಿರು ಬಣ್ಣ ಮುಗಿದಿದ್ದ ಕಾರಣ ಅದು ಕೆಂಪು ಮೊಸಳೆ. ಜಗಳವಾಯಿತು, ಮೊಸಳೆ ಉಳಿಯಿತು.

ಶತಮಾನೋತ್ಸವಕ್ಕೆ ಆವರಣವೆಲ್ಲ ಬೆಳ್ಳಗಿರಲೆಂದು ಆ ಗೋಡೆಗೂ ಸುಣ್ಣ ಹೊಡೆಯಲು ಅಪ್ಪಣೆ ಕೊಟ್ಟವರು ನಾವೇ. ಇದನ್ನು ಇಲ್ಲಿ ಮುಚ್ಚಿಡಲಾರೆವು. ಕೂಲಿಯವರು ಆನೆಸಾಲನ್ನು ದಾಟಿ ನವಿಲಿಗೆ ಬಂದಿದ್ದಾಗ ಆ ಹುಡುಗನು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಸ್ವಾಮಿ, ಮೊಸಳೇನೂ ಅಳಿಸ್ತಾರಾ?" ಎಂದನು. ಅಳಲಿಲ್ಲ. ಅರಮನೆಯ ಗೋಡೆಯನ್ನು ಮರಳಿ ಬರೆಸಲು ಒಬ್ಬ ಗವರ್ನರ್ ಜನರಲ್ ಇದ್ದನು, ಇವನಿಗೆ ಯಾರಿದ್ದರು? ನಾವು ಎದ್ದು ಹೋಗಿ ಕೆಲಸ ನಿಲ್ಲಿಸಿದೆವು.

ಮೊಸಳೆಯ ಬಾಲ ಸುಣ್ಣದಡಿಯಲ್ಲಿದೆ, ತಲೆ ಹೊರಗಿದೆ. ಉತ್ಸವಕ್ಕೆ ಬರುವ ಬಾಂಧವರು ಅಡಿಗೆಮನೆಯ ಹಿಂಬದಿಯಿಂದ ಹೋದರೆ ಕಾಣಬಹುದು. ಕೃಷ್ಣರಾಜಪೇಟೆಯ ಮಕ್ಕಳು ತಮ್ಮ ಆನೆಗಳನ್ನು ಪುನಃ ಬರೆಯಲಾರಂಭಿಸಿದ್ದಾರೆ. ಹಸಿರು ಬಣ್ಣವನ್ನೂ ಈ ಸಲ ತರಿಸಿಕೊಟ್ಟಿದ್ದೇವೆ. ಆದರೆ ಅವನಿಗೆ ಕೆಂಪೇ ಬೇಕಂತೆ.